ಆರು ತಿಂಗಳ ಅಧಿಕಾರ, ಶತಮಾನಗಳ ಸ್ವಾತಂತ್ರ್ಯ

ನಾಲ್ಕು ದಿಕ್ಕಿನಲ್ಲೂ ಇಟಲಿಯೇ ಸುತ್ತುವರಿದಿರುವ, ಸ್ವಂತ ಕಡಲತೀರವಿಲ್ಲದ ಪುಟ್ಟ ಗಣರಾಜ್ಯ ಸ್ಯಾನ್ ಮರಿನೊ. ಟಿಟಾನೊ ಪರ್ವತವನ್ನೂ ಅದರ ತಪ್ಪಲನ್ನೂ ಒಳಗೊಂಡ ಈ ದೇಶದ ವಿಸ್ತೀರ್ಣ ಕೇವಲ 61 ಚದರ ಕಿಲೋಮೀಟರು. ಸಂತ ಮರಿನೊ ಎಂಬ ಕಲ್ಲುಕುಟಿಗರು ಕ್ರಿ.ಶ. 301ರಲ್ಲಿ ಈ ಬೆಟ್ಟದಲ್ಲಿ ಕ್ರೈಸ್ತ ಸಮುದಾಯವೊಂದನ್ನು ಕಟ್ಟಿದರೆಂಬುದು ಅಲ್ಲಿಯ ಪರಂಪರೆಯ ನಂಬಿಕೆ.

ನೆರೆಯ ಬಲಾಢ್ಯ ರಾಜ್ಯಗಳೆಲ್ಲ ಅಳಿದರೂ ಈ ಕಿರುನಾಡು ಉಳಿದುಬಂದ ಬಗೆ ಸೋಜಿಗದ್ದು. ಅದರ ಆಡಳಿತ ಕ್ರಮ ನಮ್ಮ ಗಮನಕ್ಕೆ ಅರ್ಹವಾದುದು. 60 ಸದಸ್ಯರ ಮಹಾಸಭೆಯು ಇಬ್ಬರು 'ಕ್ಯಾಪ್ಟನ್ ರೀಜೆಂಟ'ರನ್ನು ರಾಷ್ಟ್ರದ ಜಂಟಿ ಮುಖ್ಯಸ್ಥರನ್ನಾಗಿ ಆರಿಸುತ್ತದೆ. 1243ರಷ್ಟು ಹಳೆಯದಾದ ಈ ಪದ್ಧತಿಯಲ್ಲಿ ಅವರ ಅವಧಿ ಆರೇ ತಿಂಗಳು. ಒಬ್ಬರ ನಿರ್ಧಾರವನ್ನು ಮತ್ತೊಬ್ಬರು ತಡೆಯಬಲ್ಲರು. ಮೂರು ವರ್ಷ ಕಳೆಯದೆ ಪುನರಾಯ್ಕೆಯಿಲ್ಲ. ಅಧಿಕಾರದಿಂದ ಇಳಿದ ಮೇಲೆ ಪ್ರಜೆಗಳ ದೂರುಗಳಿಗೂ ಅವರು ಉತ್ತರಿಸಬೇಕು.

ದುರಾಶೆಗೆ ಕಡಿವಾಣ ಹಾಕುವುದನ್ನೂ ಈ ಜನ ಬಲ್ಲರು. 1797ರಲ್ಲಿ ನೆಪೋಲಿಯನ್ ಹೆಚ್ಚಿನ ಭೂಪ್ರದೇಶವನ್ನು ನೀಡಲು ಮುಂದಾದಾಗ ಅವರು ನಯವಾಗಿ ನಿರಾಕರಿಸಿದರು. ಆದರೆ ಬೇರೆಯವರಿಗೆ ನೀಡುವಾಗ ಕೈ ಹಿಂದೆಗೆಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ತಾನು ತಟಸ್ಥವಾಗಿದ್ದರೂ 1944ರ ಜೂನ್ 26ರಂದು ಬಾಂಬ್ ದಾಳಿಗೆ ತುತ್ತಾದ ಈ ನಾಡು, ತನ್ನ ಜನಸಂಖ್ಯೆಯ ಹಲವು ಪಟ್ಟು, ಸುಮಾರು ಒಂದು ಲಕ್ಷ ನಿರಾಶ್ರಿತರಿಗೆ ಆಶ್ರಯವಿತ್ತಿತು.

ಕೊರತೆಯೂ ಇಲ್ಲದಿರಲಿಲ್ಲ. ಇಷ್ಟು ಪುರಾತನ ಗಣರಾಜ್ಯದಲ್ಲಿ ಮಹಿಳೆಯರು ಮೊದಲ ಬಾರಿ ಸಾರ್ವತ್ರಿಕ ಚುನಾವಣೆಯಲ್ಲಿ ಮತ ಚಲಾಯಿಸಿದ್ದು 1964ರಲ್ಲಿ. 1981ರಲ್ಲಿ ಮಹಿಳೆಯೊಬ್ಬರು ರೀಜೆಂಟರಾದರು.

ಅಧಿಕಾರವೆಂಬುದು ಸ್ವತ್ತಲ್ಲ, ಲೆಕ್ಕ ಒಪ್ಪಿಸಿ ಹಿಂದಿರುಗಿಸಬೇಕಾದ ಹೊಣೆ. ಸಂಘ-ಸಂಸ್ಥೆಗಳ ಪದವಿಯಲ್ಲಿ ಕುಳಿತಿರುವ ನಾವೂ ಇದನ್ನು ಮನಗಾಣುವುದು ಒಳಿತು.