ಕೌದಿಯ ಬಾಳಿಕೆ ಹೊಲಿಗೆಯ ಸಾಲಿನಲ್ಲಿ

ನಿಮ್ಮ ಮನೆಯ ಹಳೆಯ ಕೌದಿಯೊಂದನ್ನು ತೆಗೆದು ಬಿಸಿಲಿಗೆ ಅಡ್ಡ ಹಿಡಿದು ನೋಡಿರಿ. ಬೆಳಕು ತೂರಿ ಬರುವ ಕಡೆ ಒಳಗಿನ ಪದರು ಸರಿದುಹೋಗಿದೆ ಎಂದು ತಿಳಿಯಬೇಕು. ಕಪ್ಪಗೆ ಗಂಟುಗಂಟಾಗಿ ಕಾಣುವ ಕಡೆ ಆ ಸರಿದ ಬಟ್ಟೆಯೇ ಮುದ್ದೆಯಾಗಿ ಕುಳಿತಿದೆ. ‘ಬಟ್ಟೆ ಹಳೆಯದು, ಅದಕ್ಕೇ ಹೀಗಾಯಿತು’ ಎಂದು ನಾವು ಸುಮ್ಮನಾಗುತ್ತೇವೆ. ಕೌದಿಗೆ ಹಾಕುವ ಬಟ್ಟೆ ಎಂದಿಗೂ ಹಳೆಯದೇ ಅಲ್ಲವೆ? ದೋಷವನ್ನು ಬೇರೆ ಕಡೆ ಹುಡುಕಬೇಕು.

ಹುಬ್ಬಳ್ಳಿ-ಧಾರವಾಡ ರಸ್ತೆಯ ಮೇಲಿನ ಬೈರಿದೇವರಕೊಪ್ಪ ಈಗ ಮಹಾನಗರಪಾಲಿಕೆಯ ಒಳಗಿನ ಊರು. ಇತ್ತ ಉಣಕಲ್ಲ, ಅತ್ತ ನವನಗರ, ಸಮೀಪದಲ್ಲಿಯೇ ಅಮರಗೋಳದ ಕೃಷಿ ಮಾರುಕಟ್ಟೆಯ ಪ್ರಾಂಗಣ. ಹೊಲಗಳ ಮೇಲೆ ಮನೆಗಳೆದ್ದಿದ್ದರೂ ಒಕ್ಕಲುತನದ ರೂಢಿಗಳು ಹಳೆಯ ಮನೆಗಳಲ್ಲಿ ಇನ್ನೂ ಉಳಿದಿವೆ. ಅಂಥ ಒಂದು ಮನೆಯ ಪಡಸಾಲೆಯಲ್ಲಿ ಎರಡು ಕೌದಿಗಳನ್ನು ಅಕ್ಕಪಕ್ಕ ಹಾಸಿ ನೋಡುವ ಅವಕಾಶ ನನಗೆ ಒದಗಿತು. ಒಂದು ಆ ಮನೆಯ ಹಿರಿಯಮ್ಮ ತಾವೇ ಹೊಲಿದದ್ದು. ಅವರ ಮಕ್ಕಳು ಹೊದ್ದು ಬೆಳೆದು, ಈಗ ಮೊಮ್ಮಕ್ಕಳು ಹೊದೆಯುತ್ತಿದ್ದಾರೆ. ಇನ್ನೊಂದು ಕೂಲಿ ಕೊಟ್ಟು ಹೊಲಿಸಿದ್ದು; ಎರಡೇ ವರ್ಷದಲ್ಲಿ ಅದರ ನಡುಭಾಗ ಜೋತುಬಿದ್ದಿತ್ತು.

“ಎರಡೂ ಹಳೇ ಅರಿವೀನ ಅಲ್ಲೇನ್ರೀ ಅಮ್ಮಾ?” ಎಂದು ಕೇಳಿದೆ.

“ಅರಿವಿ ಎರಡೂ ಹಳೇವ ತಮ್ಮಾ. ಇದರಾಗ ಬೆರಳಿಗೊಂದ ಸಾಲ ಐತಿ, ಅದರಾಗ ನಾಕ ಬೆರಳಿಗೊಂದ. ಒಂದ ಕೌದಿಗೆ ಇಷ್ಟ ಅಂತ ಗುತ್ತಿಗಿ ಮಾತಾಡಿದ್ರ ಆಕೀನರ ಎಷ್ಟಂತ ಚುಚ್ಚಬೇಕು?” ಎಂದರು ಅವರು.

ಈ ಮಾತನ್ನು ಲೆಕ್ಕ ಹಾಕಿ ನೋಡೋಣ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಕೌದಿ ಎಂದಿಟ್ಟುಕೊಳ್ಳಿರಿ. ಒಂದು ಬೆರಳಿನ ಅಗಲ ಸುಮಾರು ಮುಕ್ಕಾಲು ಅಂಗುಲ. ಬೆರಳಿಗೊಂದು ಸಾಲಾದರೆ ನಾಲ್ಕು ಅಡಿ ಅಗಲಕ್ಕೆ 64 ಸಾಲು. ಪ್ರತಿ ಸಾಲು ಆರು ಅಡಿಯಂತೆ ಒಟ್ಟು 384 ಅಡಿ ಹೊಲಿಗೆ. ಅರ್ಧ ಅಂಗುಲಕ್ಕೆ ಒಂದು ಹೊಲಿಗೆ ಬಿದ್ದರೂ ಒಂದು ಕೌದಿಗೆ 9,216 ಹೊಲಿಗೆ ಆಗುತ್ತವೆ. ಒಂದೊಂದೂ ಮೂರು ನಾಲ್ಕು ಪದರುಗಳನ್ನು ದಾಟಿ ಹೋಗಬೇಕು. ನಾಲ್ಕು ಬೆರಳಿಗೊಂದು ಸಾಲು ಹಾಕಿದರೆ ಸಾಲುಗಳು 16, ಹೊಲಿಗೆ 2,304 ಮಾತ್ರ. ಕೆಲಸ ಕಾಲುಭಾಗಕ್ಕೆ ಇಳಿಯಿತು, ಕೂಲಿ ಮಾತ್ರ ಅಷ್ಟೇ. ಹೊಲಿಯುವವಳು ಸಾಲುಗಳನ್ನು ಅಗಲ ಮಾಡಿದರೆ ಅವಳನ್ನು ದೂರುವುದು ನ್ಯಾಯವಲ್ಲ. ನಾವು ಮಾತನಾಡಿದ ಗುತ್ತಿಗೆಯೇ ಅವಳಿಗೆ ಹಾಗೆ ಕಲಿಸಿದೆ.

ನಮ್ಮ ಕಡೆ ಗೋಂಧಳಿ ಸಮುದಾಯದ ಹೆಣ್ಣುಮಕ್ಕಳು ಕೌದಿ ಹೊಲಿಯುವುದರಲ್ಲಿ ಹೆಸರಾದವರು. ಸುಗ್ಗಿ ಮುಗಿದು ಮಳೆ ಹಿಡಿಯುವವರೆಗಿನ ದಿನಗಳೇ ಈ ಕೆಲಸಕ್ಕೆ ಅನುಕೂಲ. ಅವರು ನಿಮ್ಮ ಮನೆಗೆ ಬಂದಾಗ ‘ಒಂದು ಕೌದಿಗೆ ಎಷ್ಟು?’ ಎಂದು ಕೇಳಬೇಡಿರಿ. ಬಟ್ಟೆಯ ಮೇಲೆ ಬೆರಳಿಟ್ಟು ಸಾಲಿನ ಅಂತರವನ್ನು ಮೊದಲು ಗೊತ್ತುಪಡಿಸಿರಿ, ಕೌದಿಯ ಉದ್ದ-ಅಗಲ ಹೇಳಿರಿ, ಆಮೇಲೆ ಕೂಲಿಯ ಮಾತು. ಬೆರಳಿನ ಸಾಲಿಗೆ ಒಂದು ದರ, ಎರಡು ಬೆರಳಿನ ಸಾಲಿಗೆ ಅದರ ಅರ್ಧ. ದಾರವನ್ನು ನೀವೇ ತಂದುಕೊಡಿರಿ. ದಾರ ಅವಳ ಖರ್ಚಿಗೆ ಬಿದ್ದರೆ ಅಲ್ಲಿಯೂ ಉಳಿತಾಯ ಮಾಡಬೇಕಾಗುತ್ತದೆ. ಮೂರು ವರ್ಷಕ್ಕೊಮ್ಮೆ ಕೌದಿ ಹೊಲಿಸುವ ಮನೆತನಕ್ಕೆ ಹೆಚ್ಚು ಕೂಲಿ ಕೊಟ್ಟು ಒಮ್ಮೆ ಹೊಲಿಸುವುದೇ ಅಗ್ಗ.

ಯಾವ ಬಟ್ಟೆ?

ಹತ್ತಿಯದೇ ಆಗಬೇಕು. ಇದರಲ್ಲಿ ರಾಜಿ ಬೇಡ. ಹಿಂದೆ ಈ ಮಾತನ್ನು ಹೇಳುವ ಅಗತ್ಯವೇ ಇರಲಿಲ್ಲ. ಇಳಕಲ್ ಸೀರೆಯ ಒಡಲು, ಧೋತರ, ಪಟಗ ಎಲ್ಲವೂ ಹತ್ತಿ. ಇಂದು ಗಂಟು ಬಿಚ್ಚಿದರೆ ಅರ್ಧಕ್ಕರ್ಧ ಪಾಲಿಸ್ಟರ್, ನೈಲಾನ್ ಸೀರೆಗಳು. (1972ರಲ್ಲಿ ವರಲಕ್ಷ್ಮಿ, 1981ರಲ್ಲಿ ಡಿ.ಸಿ.ಎಚ್.-32 ಎಂಬ ಹೆಸರಾಂತ ಹತ್ತಿಯ ಸಂಕರಣ ತಳಿಗಳನ್ನು ನಾಡಿಗೆ ಕೊಟ್ಟದ್ದು ಧಾರವಾಡ. ಹತ್ತಿ ಬೆಳೆದವರ ಮನೆಯ ಗಂಟಿನಲ್ಲಿ ಹತ್ತಿಯ ಬಟ್ಟೆ ಹುಡುಕಬೇಕಾಗಿದೆ!) ಪಾಲಿಸ್ಟರ್ ಬೆವರು ಹೀರುವುದಿಲ್ಲ, ಜಾರುತ್ತದೆ, ಹೊಲಿಗೆಯಲ್ಲಿ ಹತ್ತಿಯೊಡನೆ ಹೊಂದಿ ಕೂಡುವುದಿಲ್ಲ. ಹತ್ತಿಯ ಪದರು ಸವೆದು ಹೋದ ಮೇಲೂ ಅದು ಹಾಗೆಯೇ ಉಳಿದು ಪಕ್ಕದ ಬಟ್ಟೆಯನ್ನು ಜಗ್ಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಬೆಂಕಿಯದು. ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಡುವ ರೂಢಿ ಹಲವು ಮನೆಗಳಲ್ಲಿದೆ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ವಿಷಗಾಳಿ ಹುಟ್ಟುತ್ತದೆ. ತಾಯಿ ಕೂಸು ಇಬ್ಬರ ಜೀವಕ್ಕೂ ಅದು ಕುತ್ತು ತರಬಲ್ಲುದು. ಈ ರೂಢಿಯನ್ನು ಬಿಡುವುದೇ ಒಳ್ಳೆಯದು. ಇನ್ನೂ ಬಿಡದ ಮನೆಯಲ್ಲಿ ಹೊರಸಿನ ಮೇಲೆ ಪಾಲಿಸ್ಟರ್ ಪದರಿನ ಕೌದಿ ಇದ್ದರೆ ಅಪಾಯ ಇಮ್ಮಡಿ. ಹತ್ತಿಗೆ ಕಿಡಿ ಬಿದ್ದರೆ ಅದೂ ಉರಿಯುತ್ತದೆ, ನಿಜ. ಪಾಲಿಸ್ಟರ್, ನೈಲಾನ್ ಕರಗಿ ಮೈಗೆ ಅಂಟಿಕೊಳ್ಳುತ್ತವೆ; ಸುಟ್ಟ ಗಾಯ ಆಳವಾಗುತ್ತದೆ. ಒಲೆಯ ಹತ್ತಿರ ಮಲಗುವ ಮುದುಕರಿಗೂ ಇದೇ ಎಚ್ಚರ ಬೇಕು.

ಬಟ್ಟೆ ಯಾವುದೆಂದು ಗುರುತು ಹತ್ತದಿದ್ದರೆ ಅಂಚಿನಿಂದ ನಾಲ್ಕು ಎಳೆ ಬಿಚ್ಚಿ, ಚಿಮಟಿಗೆಯಲ್ಲಿ ಹಿಡಿದು ದೀಪಕ್ಕೆ ತಾಗಿಸಿರಿ. ಪಕ್ಕದಲ್ಲಿ ತಂಬಿಗೆ ನೀರಿರಲಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿ ಉದುರಿದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ ಅಥವಾ ಉಣ್ಣೆ. ಮುದುಡಿ, ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗಿ ನಿಂತರೆ ಅದು ಪಾಲಿಸ್ಟರ್ ಅಥವಾ ನೈಲಾನ್. ಬೆರಕೆ ಬಟ್ಟೆಯೂ ಗಟ್ಟಿ ಉಂಡೆ ಬಿಡುತ್ತದೆ, ಅದನ್ನೂ ತೆಗೆದಿಡಿರಿ. ಹೊರಗಿಟ್ಟ ಸೀರೆಗಳು ಬಣವೆಗೆ ಮುಚ್ಚಲೋ, ಕಾಯಿಪಲ್ಲೆ ಮಡಿಗೆ ನೆರಳು ಕಟ್ಟಲೋ ಬರುತ್ತವೆ.

ಬಟ್ಟೆಗಳ ಸವೆತ ಒಂದೇ ಹದದಲ್ಲಿರುವುದೂ ಮುಖ್ಯ. ಗಟ್ಟಿ ತುಂಡಿನ ಪಕ್ಕ ಜೀರ್ಣವಾದ ತುಂಡು ಬಂದರೆ ತೊಳೆದು ಹಿಂಡುವಾಗ ಜೀರ್ಣವಾದದ್ದೇ ಹರಿಯುತ್ತದೆ. ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಜಗ್ಗಿ ನೋಡಿರಿ. ಪರ್ ಎಂದು ಬಿಟ್ಟರೆ ಅದು ಮೇಲ್ಪದರಿಗೆ ಬೇಡ, ಒಳಪದರಿಗೆ ಸಾಕು. ಗುಳೇದಗುಡ್ಡ ಖಣದ ಹೊಸ ಚೂರುಗಳನ್ನು ಅಂದಕ್ಕೆ ಹಚ್ಚುವವರು ಮೊದಲು ನೀರಿನಲ್ಲಿ ನೆನೆಸಿ, ಒಗೆದು, ಒಣಗಿಸಬೇಕು. ಇಲ್ಲದಿದ್ದರೆ ಮೊದಲ ಒಗೆತದಲ್ಲಿ ಅದು ಕುಗ್ಗಿ ಸುತ್ತಲಿನ ಬಟ್ಟೆ ನೆರಿಗೆಗಟ್ಟುತ್ತದೆ. ಒದ್ದೆ ಮಾಡಿ ಬಿಳಿ ಅರಿವೆಯ ಮೇಲೆ ಒತ್ತಿದರೆ ಬಣ್ಣ ಬಿಡುತ್ತದೋ ಇಲ್ಲವೋ ಎಂಬುದೂ ಗೊತ್ತಾಗುತ್ತದೆ.

ಆರು ವಾರಿ ಸೀರೆಯನ್ನು ಮೂರು ಪಾಲು ಮಾಡಿದರೆ ಒಂದೊಂದು ಪಾಲು ಆರು ಅಡಿ. ಒಬ್ಬರು ಹೊದೆಯುವ ಕೌದಿಗೆ ಒಂದೇ ಸೀರೆಯಿಂದ ಮೂರು ಪದರು ಸಿಕ್ಕಂತಾಯಿತು. ಕತ್ತರಿ ಆಡಿಸುವ ಬದಲು ಅಂಚಿನಲ್ಲಿ ಸ್ವಲ್ಪ ಕತ್ತರಿಸಿ ಕೈಯಿಂದ ಸೀಳಿರಿ. ಎಳೆಯ ಗುಂಟ ಸೀಳು ನೇರವಾಗಿ ಹೋಗುತ್ತದೆ. ಸೀರೆಯ ದಡಿ ಒಡಲಿಗಿಂತ ಬಿಗಿಯಾದ ನೇಯ್ಗೆ. ಅದನ್ನು ಬೇರೆ ತೆಗೆದಿಟ್ಟು ಕೌದಿಯ ನಾಲ್ಕೂ ಅಂಚಿಗೆ ಹಚ್ಚಿರಿ.

ಹಾಸುವುದು, ಹೊಲಿಯುವುದು

ಸಾರಿಸಿ ಒಣಗಿದ ನೆಲದ ಮೇಲೆ ತಳದ ಬಟ್ಟೆ ಹಾಸಿ ನಾಲ್ಕು ಮೂಲೆಗೆ ಕಲ್ಲು ಇಡಿರಿ. ಒಳಪದರು ಸುಕ್ಕಿಲ್ಲದಂತೆ ಬರಲಿ, ಅದರ ಮೇಲೆ ತುಂಡುಗಳು. ಒಳಪದರಿನ ತುಂಡುಗಳು ಒಂದರ ಮೇಲೊಂದು ಎರಡು ಬೆರಳು ಏರಿರಬೇಕು. ಅಂಚಿಗೆ ಅಂಚು ತಾಗಿಸಿಟ್ಟರೆ ನಾಳೆ ಅಲ್ಲಿಯೇ ಸಂದು ಬಿಡುತ್ತದೆ. ಆಮೇಲೆ ಗೇಣಿಗೊಂದರಂತೆ ಉದ್ದಕ್ಕೂ ಅಡ್ಡಕ್ಕೂ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಬೇಕು. ಅವಸರದಲ್ಲಿ ಬಿಟ್ಟುಹೋಗುವ ಕೆಲಸ ಇದೇ. ಕಚ್ಚಾ ಹೊಲಿಗೆ ಇಲ್ಲದಿದ್ದರೆ ಸೂಜಿ ಮುಂದೆ ಹೋದಂತೆ ಮೇಲಿನ ಬಟ್ಟೆಯೂ ಮುಂದೆ ಸರಿದು, ಕೊನೆಗೆ ಬುರುಗು ಎದ್ದು ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಕಚ್ಚಾ ದಾರ ಎಳೆದು ತೆಗೆದರಾಯಿತು.

ಸಾಲು ಹಾಕುವ ಕ್ರಮ ಒಂದೊಂದು ಕಡೆ ಒಂದೊಂದು. ನಮ್ಮಲ್ಲಿ ನೇರ ಸಾಲು ಹಾಕುವವರೂ ಇದ್ದಾರೆ, ಅಂಚಿನಿಂದ ಸುತ್ತುತ್ತ ಒಳಗೆ ಬರುವವರೂ ಇದ್ದಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ತಮ್ಮ ಕವಂದಿಯನ್ನು ಒಂದು ಮೂಲೆಯಿಂದ ಹಿಡಿದು, ಅಂಚಿನ ಗುಂಟ ಸುತ್ತಿ ಸುತ್ತಿ, ನಟ್ಟನಡುವೆ ಬಂದು ಮುಗಿಸುತ್ತಾರೆ. ಅವರು ತುಂಡುಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳುವುದಿಲ್ಲ. ಹೊಲಿಯುತ್ತ ಹೋದಂತೆ ತುಂಡು ಇಡುತ್ತ ಹೋಗುತ್ತಾರೆ. ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಚಿ ಮಡಚಿ ಮಾಡಿದ ಮುಕ್ಕೋನದ ‘ಫೂಲ’ ಹಚ್ಚುತ್ತಾರೆ. ಫೂಲ ಇಲ್ಲದ ಕವಂದಿ ಬತ್ತಲೆ ಎಂದು ಅವರ ಭಾವನೆ. ಇದರಲ್ಲಿ ಉಪಯೋಗವೂ ಇದೆ ಎಂದು ನನಗೆ ತೋರುತ್ತದೆ. ಕೌದಿಯನ್ನು ನಾವು ಎಳೆಯುವುದು, ಜಾಡಿಸುವುದು, ಹಗ್ಗಕ್ಕೆ ಹಾಕುವುದು ಎಲ್ಲ ಮೂಲೆ ಹಿಡಿದೇ. ಅಲ್ಲಿ ನಾಲ್ಕು ಪದರು ಹೆಚ್ಚಿಗೆ ಇದ್ದರೆ ಒಳ್ಳೆಯದೇ.

ದಾರದ ವಿಷಯದಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ದಾರ ಗಟ್ಟಿ ಇದ್ದಷ್ಟೂ ಕೌದಿ ಗಟ್ಟಿ ಎಂದು ಹಲವರು ನೈಲಾನ್ ದಾರ ತರುತ್ತಾರೆ. ಸವೆದ ಹತ್ತಿಯನ್ನು ಅದು ತಂತಿಯ ಹಾಗೆ ಕೊಯ್ಯುತ್ತದೆ. ದಾರ ಹರಿದರೆ ಮತ್ತೆ ಹೊಲಿಯಬಹುದು, ಬಟ್ಟೆ ಹರಿದರೆ ತೇಪೆಯೇ ಗತಿ. ಹತ್ತಿಯ ದಾರವೇ ಇರಲಿ. ಒಂದು ಸಲಕ್ಕೆ ಒಂದು ಮಾರಿಗಿಂತ ಉದ್ದ ಬೇಡ. ಉದ್ದ ದಾರ ಸಿಕ್ಕುಬೀಳುತ್ತದೆ, ನೂರಾರು ಸಲ ಬಟ್ಟೆಯೊಳಗಿಂದ ಹಾಯ್ದು ತಾನೇ ಸವೆಯುತ್ತದೆ. ಜೇನುಮೇಣದ ತುಣುಕಿನ ಮೇಲೆ ಒಮ್ಮೆ ಎಳೆದುಕೊಂಡರೆ ನುಣುಪಾಗಿ ಸಾಗುತ್ತದೆ. ಗಂಟನ್ನು ಪದರುಗಳ ನಡುವೆ ಅಡಗಿಸಿರಿ, ಹೊಸ ದಾರವನ್ನು ಹಳೆಯ ದಾರದ ಕೊನೆಯ ನಾಲ್ಕು ಹೊಲಿಗೆಯ ಮೇಲಿಂದಲೇ ಆರಂಭಿಸಿರಿ. ಗಂಟು ಮೇಲೆ ಬಂದರೆ ಕೂಸಿನ ಮೈಗೆ ಚುಚ್ಚುತ್ತದೆ, ಒಗೆಯುವ ಕಲ್ಲಿಗೆ ತಿಕ್ಕಿ ಬಿಚ್ಚಿಕೊಳ್ಳುತ್ತದೆ. ದಾರವನ್ನು ಬಿಗಿಯಾಗಿ ಜಗ್ಗಲೂಬಾರದು. ಸಾಲು ಮುಗಿದ ಮೇಲೆ ಅಂಗೈಯಿಂದ ಸವರಿ ಬಟ್ಟೆಯನ್ನು ಹರಡಿ, ನಂತರ ಗಂಟು ಹಾಕಿರಿ.

ಮಶಿನ್ನಿನಲ್ಲಿ ಹೊಲಿದರೆ ಆಗದೆ? ಅಂಚು ಹೊಲಿಯಲು ಆಗುತ್ತದೆ. ನಡುವಿನ ಸಾಲುಗಳಿಗೆ ನಾನಂತೂ ಕೈ ಹೊಲಿಗೆಯನ್ನೇ ಹೇಳುತ್ತೇನೆ. ಮಶಿನ್ನಿನ ಒತ್ತಾದ ಬಿಗಿ ಹೊಲಿಗೆಯಲ್ಲಿ ಜೀರ್ಣ ಬಟ್ಟೆ ತೂತಿನ ಸಾಲಿನಗುಂಟ ಬಿಟ್ಟುಕೊಳ್ಳುತ್ತದೆ.

ತೊಳೆಯುವ ಕ್ರಮ ನಿಮಗೆ ಗೊತ್ತಿದ್ದದ್ದೇ. ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆ ಎಲ್ಲ ಹಳ್ಳಕ್ಕೋ ಕೆರೆಗೋ ಹೊರಡುತ್ತಿದ್ದವು. ನೆನೆದ ಕೌದಿಯನ್ನು ತಿರುವಿ ಹಿಂಡಬೇಡಿರಿ. ಕಲ್ಲಿನ ಮೇಲೆ ಮಡಚಿಟ್ಟು ನೀರು ಬಸಿಯಲು ಬಿಡಿರಿ. ಎರಡೂ ಮಗ್ಗಲು ಬಿಸಿಲಿಗೆ ಕಾಯಬೇಕು. ತಗಣಿಗಳು ಅಡಗುವುದು ಹೊಲಿಗೆಯ ಸಂದಿನಲ್ಲಿ, ಆದ್ದರಿಂದ ಬೇಸಿಗೆಯ ಕಡು ಬಿಸಿಲು ತಪ್ಪಿಸಬಾರದು. ಒಳಗಿನ ಪಸೆ ಆರದೆ ಮಡಚಿಟ್ಟರೆ ಬೂಸು ಹಿಡಿದು ಒಂದೇ ಮಳೆಗಾಲದಲ್ಲಿ ಬಟ್ಟೆ ಕೊಳೆಯುತ್ತದೆ. ಮಡಿಕೆಗಳ ನಡುವೆ ಒಣ ಬೇವಿನ ಎಲೆ ಇಡಿರಿ.

ನಿಮ್ಮ ಮನೆಯ ಹೆಣ್ಣುಮಕ್ಕಳು ಮಾರಾಟಕ್ಕೆ ಕೌದಿ ಹೊಲಿಯಬಯಸಿದರೆ ಒಬ್ಬೊಬ್ಬರೇ ಹೊರಡುವುದಕ್ಕಿಂತ ಸಂಘ ಕಟ್ಟಿಕೊಳ್ಳುವುದು ಲೇಸು. ಅಮೆರಿಕದ ಅಲಬಾಮಾದಲ್ಲಿ, ನಮ್ಮ ಹಾಗೆಯೇ ಹತ್ತಿ ಬೆಳೆಯುವ ಸೀಮೆಯ ಕಪ್ಪು ಜನಾಂಗದ ಬಡ ಹೆಂಗಸರು, ಹೊಲದಲ್ಲಿ ಉಟ್ಟು ಸವೆಸಿದ ಬಟ್ಟೆಗಳಿಂದ ಇಂಥವೇ ಹೊದಿಕೆ ಹೊಲಿಯುತ್ತಿದ್ದರು. 1966ರಲ್ಲಿ ಅವರು ಒಂದು ಸಹಕಾರಿ ಸಂಘ ಮಾಡಿಕೊಂಡು ಮಾರಾಟಕ್ಕೆ ತೊಡಗಿದರು. 2002ರಲ್ಲಿ ಆ ಸೀಮೆಯ ಗೀಸ್ ಬೆಂಡ್ ಎಂಬ ಹಳ್ಳಿಯ ಹೊದಿಕೆಗಳನ್ನು ಹೂಸ್ಟನ್ ನಗರದ ಕಲಾ ಸಂಗ್ರಹಾಲಯದಲ್ಲಿ ಗೋಡೆಗೆ ತೂಗುಹಾಕಿ ಪ್ರದರ್ಶಿಸಿದರು. ಮಾರುವ ಕೌದಿಗೂ ಮೇಲಿನ ಲೆಕ್ಕವೇ ಅನ್ವಯಿಸುತ್ತದೆ. ಕೊಳ್ಳುವವರಿಗೆ ಸಾಲುಗಳನ್ನು ಎಣಿಸಿ ತೋರಿಸಿ ಬೆಲೆ ಹೇಳಿರಿ.

ಬೈರಿದೇವರಕೊಪ್ಪದ ಆ ಜೋತುಬಿದ್ದ ಕೌದಿಯನ್ನು ಬಿಸಾಡುತ್ತಾರೆಂದು ನಾನು ತಿಳಿದಿದ್ದೆ. ತಿಂಗಳ ಮೇಲೆ ಮತ್ತೆ ಹೋದಾಗ ಹಿರಿಯಮ್ಮ ಅದನ್ನೇ ಮುಂದೆ ಹಾಸಿಕೊಂಡು ಕುಳಿತಿದ್ದರು. ಒಂದು ಅಂಚು ಬಿಚ್ಚಿ, ಒಳಗಿನ ಮುದ್ದೆಯನ್ನು ಕೈಯಿಂದ ಎಳೆದು ಹರಡಿ, ಕಚ್ಚಾ ಹೊಲಿಗೆ ಹಾಕಿ, ಹಳೆಯ ಎರಡು ಸಾಲುಗಳ ನಡುವೆ ಮೂರು ಮೂರು ಹೊಸ ಸಾಲು ತುಂಬುತ್ತಿದ್ದರು. ಅರ್ಧ ಮುಗಿದಿತ್ತು. ಉಳಿದ ಅರ್ಧಕ್ಕೆ ದಾರ ಸಾಲದೆ ಮೊಮ್ಮಗಳನ್ನು ಹುಬ್ಬಳ್ಳಿಗೆ ಕಳಿಸಿದ್ದರು.