ಕ್ಯಾಮೆರಾ ಇದ್ದರೆ ಸಾಲದು, ರೆಕಾರ್ಡಿಂಗ್ ಉಳಿಯಬೇಕು

ರಾತ್ರಿ ಶಟರ್ ಮುರಿದು ಗಲ್ಲಾ ದೋಚಿದ ಮೇಲೆ ಹೋಟೆಲಿಗೆ ಸಿ.ಸಿ. ಟಿ.ವಿ. ಹಾಕಿಸಲು ಹೊರಡುತ್ತೇವೆ. ಆದರೆ ಮುಂದಿನ ಸಲ ಬಂದ ಕಳ್ಳ ರೆಕಾರ್ಡರನ್ನೇ ಹೊತ್ತೊಯ್ದರೆ ಎಷ್ಟು ಕ್ಯಾಮೆರಾ ಇದ್ದೂ ಪ್ರಯೋಜನವಿಲ್ಲ.

ಆದ್ದರಿಂದ ರೆಕಾರ್ಡರನ್ನು ಗಲ್ಲಾದ ಕೆಳಗೆ ಇಡಬೇಡಿ. ಒಲೆಯ ಬಿಸಿ, ಎಣ್ಣೆ ಜಿಡ್ಡು ತಾಗದ ಕಡೆ, ಗಾಳಿಯಾಡುವ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ. ಕಳ್ಳ ಮೇನ್ ಸ್ವಿಚ್ ಆರಿಸಿದರೂ ಕೆಲಸ ನಿಲ್ಲದಂತೆ ಯು.ಪಿ.ಎಸ್. ಇರಲಿ. ಕಂಪೆನಿ ಕೊಟ್ಟ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ.

ಮುಂಬಾಗಿಲು, ಗಲ್ಲಾ, ಉಗ್ರಾಣ, ಅಡುಗೆಮನೆಯ ಹಿಂಬಾಗಿಲು – ಈ ನಾಲ್ಕು ಜಾಗ ಮುಖ್ಯ. ಬಾಗಿಲಿನ ಕ್ಯಾಮೆರಾ ಏಳೆಂಟು ಅಡಿ ಎತ್ತರದಲ್ಲಿದ್ದರೆ ಮುಖ ಕಾಣುತ್ತದೆ. ತೀರಾ ಮೇಲಿದ್ದರೆ ನೆತ್ತಿ ಮಾತ್ರ. ಅಡುಗೆಮನೆ ಬಳಿಯ ಕ್ಯಾಮೆರಾದ ಗಾಜನ್ನು ವಾರಕ್ಕೊಮ್ಮೆ ಒರೆಸಿ. ಜಿಡ್ಡು ಕೂತರೆ ರಾತ್ರಿಯ ಚಿತ್ರ ಬೆಳ್ಳಗೆ ಮಸುಕಾಗುತ್ತದೆ. ಹುಡುಗರು ಮಲಗುವ, ಬಟ್ಟೆ ಬದಲಿಸುವ ಕೋಣೆಗೆ ಕ್ಯಾಮೆರಾ ಬೇಡ.

ಇನ್ನು ಹಾರ್ಡ್‌ಡಿಸ್ಕ್ ಲೆಕ್ಕ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಸತತವಾಗಿ ದಾಖಲಿಸಿದರೆ ದಿನಕ್ಕೆ ಸುಮಾರು 22 ಜಿ.ಬಿ. ಬೇಕು. ನಾಲ್ಕು ಕ್ಯಾಮೆರಾಗಳಿಗೆ 1 ಟಿ.ಬಿ. ಡಿಸ್ಕ್ ಸುಮಾರು 11 ದಿನಕ್ಕೆ ತುಂಬುತ್ತದೆ. ಮೂರು ವಾರ ಉಳಿಯಬೇಕಾದರೆ 2 ಟಿ.ಬಿ. ಹಾಕಿಸಿ. ಡಿಸ್ಕ್ ತುಂಬಿದ ಮೇಲೆ ಹಳೆಯದು ತಾನಾಗಿ ಅಳಿಯುತ್ತದೆ.

ಕಳ್ಳತನವಾದರೆ ತಡಮಾಡದೆ ಪೊಲೀಸರಿಗೆ ತಿಳಿಸಿ, ಆ ಹೊತ್ತಿನ ಪ್ರತಿ ತೆಗೆಸಿಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಆ ಪ್ರತಿಯ ಜೊತೆ ಪ್ರಮಾಣಪತ್ರವೂ ಬೇಕು. ರೆಕಾರ್ಡರಿನ ಗಡಿಯಾರ ಸರಿಯಾಗಿದೆಯೇ ಎಂದು ಇಂದೇ ನೋಡಿಕೊಳ್ಳಿ.