ಐದು ವರ್ಷ ಹಿಡಿದ ಎರಡನೆಯ ಗಡಿಯಾರ

ಪರೀಕ್ಷೆಯಲ್ಲಿ ನೂರಕ್ಕೆ 99.99 ಅಂಕ ಬಂದರೆ ಮನೆಯಲ್ಲಿ ಹಬ್ಬ. ಅಷ್ಟೇ ಅಂಕ ಒಂದು ಗಡಿಯಾರಕ್ಕೆ ಬಂದರೆ? ದಿನದ 86,400 ಸೆಕೆಂಡುಗಳಲ್ಲಿ ಅದು ಎಂಟೂವರೆ ಸೆಕೆಂಡಿಗಿಂತ ಹೆಚ್ಚು ತಪ್ಪುತ್ತದೆ. ವಾರ ಕಳೆಯುವಷ್ಟರಲ್ಲಿ ಒಂದು ನಿಮಿಷ ಹೆಚ್ಚು ಅಥವಾ ಕಡಿಮೆ ತೋರಿಸುತ್ತದೆ. ಇಷ್ಟು ಕಟ್ಟುನಿಟ್ಟಿನ ಯಂತ್ರವನ್ನು ಬ್ಯಾಟರಿಯಿಲ್ಲದೆ, ಒಬ್ಬನೇ ಕುಳಿತು ತಯಾರಿಸಲು ಸಾಧ್ಯವೆ?

ಸಾಧ್ಯವೆಂದು ನಂಬಿದ ಹುಡುಗ ರೋಜರ್ ಸ್ಮಿತ್. 1970ರಲ್ಲಿ ಇಂಗ್ಲೆಂಡಿನ ಬೋಲ್ಟನ್‌ನಲ್ಲಿ ಹುಟ್ಟಿದವರು. ಹದಿನಾರನೆಯ ವಯಸ್ಸಿನಲ್ಲಿ, ತಂದೆಯ ಸಲಹೆಯಂತೆ, ಮ್ಯಾಂಚೆಸ್ಟರ್‌ನಲ್ಲಿ ಗಡಿಯಾರ ವಿದ್ಯೆ ಕಲಿಯಲು ಸೇರಿದರು. ಅಲ್ಲಿಗೆ ಉಪನ್ಯಾಸಕ್ಕೆ ಬಂದಿದ್ದ ಜಾರ್ಜ್ ಡೇನಿಯಲ್ಸ್ ಎಂಬ ಹಿರಿಯರು ಇಡೀ ಗಡಿಯಾರವನ್ನು ತಾವೊಬ್ಬರೇ ಮಾಡುವ ಅಪರೂಪದ ಕುಶಲಿ. ಹುಡುಗನಿಗೆ ಅದೇ ಗುರಿಯಾಯಿತು. ಡೇನಿಯಲ್ಸ್ 1981ರಲ್ಲಿ ಬರೆದಿದ್ದ ಪುಸ್ತಕವೇ ಗುರು.

ಇಂಥ ಕೆಲಸ ಆರಂಭವಾಗುವುದು ಹಾಳೆ, ಪೆನ್ಸಿಲಿನಿಂದ. ಕೀ ಕೊಟ್ಟಾಗ ಸುತ್ತಿಕೊಳ್ಳುವ ಸ್ಪ್ರಿಂಗ್ ಶಕ್ತಿ ಕೊಡುತ್ತದೆ. ಆ ಶಕ್ತಿ ಒಮ್ಮೆಗೇ ಸೋರಿಹೋಗದಂತೆ ತಡೆದು ತಡೆದು ಬಿಡುವ ಭಾಗ ಎಸ್ಕೇಪ್‌ಮೆಂಟ್. ಟಿಕ್ ಟಿಕ್ ಸದ್ದು ಅಲ್ಲಿಯದೇ. ಗಂಟೆಗೆ 18,000 ಟಿಕ್ ಬೇಕೆಂದುಕೊಳ್ಳೋಣ. ತಡೆಯುವ ಚಕ್ರಕ್ಕೆ 15 ಹಲ್ಲು, ಹಲ್ಲಿಗೆ ಎರಡು ಟಿಕ್. ಅಂದರೆ ಅದು ಗಂಟೆಗೆ 600 ಸುತ್ತು ತಿರುಗಬೇಕು. ನಿಮಿಷದ ಮುಳ್ಳು ಸುತ್ತುವುದು ಒಂದೇ ಸಲ. ನಡುವಿನ ಈ ಅಂತರವನ್ನು ಹಲ್ಲುಚಕ್ರಗಳು ತುಂಬುತ್ತವೆ: 80 ಹಲ್ಲಿನ ಚಕ್ರ 10 ಹಲ್ಲಿನದನ್ನು ತಿರುಗಿಸಿದರೆ 8 ಪಟ್ಟು, 75 ಹಲ್ಲಿನದು 10ರದನ್ನು ತಿರುಗಿಸಿದರೆ ಏಳೂವರೆ ಪಟ್ಟು. ಗುಣಿಸಿದರೆ 60. ಸೆಕೆಂಡಿನ ಮುಳ್ಳಿಗೆ ಬೇಕಾದದ್ದು ಇದೇ! ಮುಂದೆ 80ಕ್ಕೆ 8, ಅಂದರೆ ಇನ್ನೂ 10 ಪಟ್ಟು. ಲೆಕ್ಕ ಸರಿಹೋಯಿತು. ಏಳನೆಯ ತರಗತಿಯ ಗಣಿತ ಇಷ್ಟಕ್ಕೆ ಸಾಕು.

ಆದರೆ ಕಾಗದದ ಮೇಲಿನ ಚಕ್ರಕ್ಕೆ ಘರ್ಷಣೆಯಿಲ್ಲ. ಹಿತ್ತಾಳೆಯಲ್ಲಿ ಕತ್ತರಿಸಿದ ಚಕ್ರಕ್ಕೆ ಇದೆ. ಅಕ್ಷ ಕೂದಲೆಳೆಯಷ್ಟು ವಾಲಿದರೂ ಗಡಿಯಾರ ನಿಂತುಬಿಡಬಹುದು. ಮೊದಲ ಪ್ರಯತ್ನಕ್ಕೆ ಸ್ಮಿತ್ ಜೇಬುಗಡಿಯಾರವನ್ನು ಆರಿಸಿಕೊಂಡರು. ಕೈಗಡಿಯಾರಕ್ಕಿಂತ ಅದರ ಬಿಡಿಭಾಗಗಳು ಸ್ವಲ್ಪ ದೊಡ್ಡವು. ಸುಮಾರು ಒಂದೂವರೆ ವರ್ಷ ದುಡಿದು, ಅದನ್ನು ಡೇನಿಯಲ್ಸ್ ಮುಂದೆ ಹಿಡಿದರು.

ಹಿರಿಯರು ಒಪ್ಪಲಿಲ್ಲ. ಕೈಯಲ್ಲಿ ಮಾಡಿದ್ದೆಂಬುದು ನೋಡಿದೊಡನೆ ತಿಳಿಯುತ್ತದೆ ಎಂಬುದೇ ಅವರ ಆಕ್ಷೇಪ. ಕೈಕೆಲಸವೆಂದರೆ ಮೆಚ್ಚಬೇಕಲ್ಲವೆ ಎಂದು ನಮಗನ್ನಿಸಬಹುದು. ಅವರ ಅಳತೆಗೋಲು ಬೇರೆ: ಗಡಿಯಾರದಲ್ಲಿ ಮಾಡಿದವನ ಶ್ರಮದ ಗುರುತೇ ಉಳಿಯಬಾರದು, ತಾನಾಗಿ ಮೂಡಿದಂತಿರಬೇಕು.

ಸ್ಮಿತ್ ಮನೆಗೆ ಮರಳಿ ಎರಡನೆಯದನ್ನು ಆರಂಭಿಸಿದರು. ಅದಕ್ಕೆ ಹಿಡಿದದ್ದು ಐದು ವರ್ಷ. ಒಂದು ಭಾಗ ಮುಗಿಯುವಷ್ಟರಲ್ಲಿ ಕೈ ಪಳಗುತ್ತಿತ್ತು. ಹಿಂದೆ ಮಾಡಿದ್ದು ಒರಟಾಗಿ ಕಾಣುತ್ತಿತ್ತು. ಅದನ್ನು ಬಿಸುಟು ಮತ್ತೆ ಮಾಡುತ್ತಿದ್ದರು. ಓರಗೆಯವರು ಸಂಬಳ ಎಣಿಸುತ್ತಿದ್ದ ವಯಸ್ಸು ಅದು. 1997ರಲ್ಲಿ ಅದನ್ನು ಒಯ್ದಾಗ ಡೇನಿಯಲ್ಸ್ ಒಂದೊಂದೇ ಭಾಗ ತೋರಿಸಿ ಇದನ್ನು ಯಾರು ಮಾಡಿದರೆಂದು ವಿಚಾರಿಸಿದರು. ಪ್ರತಿ ಸಲವೂ ಉತ್ತರ ಒಂದೇ. ಕೊನೆಗೆ, ನೀನೀಗ ಗಡಿಯಾರ ತಯಾರಕ ಎಂದು ಒಪ್ಪಿಕೊಂಡರು. ಮರುವರ್ಷ ಐಲ್ ಆಫ್ ಮ್ಯಾನ್ ದ್ವೀಪದ ತಮ್ಮ ಕಾರ್ಯಾಗಾರಕ್ಕೇ ಕರೆಸಿಕೊಂಡರು. 2001ರಲ್ಲಿ ಸ್ಮಿತ್ ಅದೇ ದ್ವೀಪದಲ್ಲಿ ಸ್ವಂತ ಕಾರ್ಯಾಗಾರ ತೆರೆದು ಕೈಗಡಿಯಾರಗಳಿಗೆ ತೊಡಗಿದರು.

ತಿರಸ್ಕಾರ ಡೇನಿಯಲ್ಸ್‌ಗೂ ಹೊಸದಲ್ಲ. ಹದಿನಾಲ್ಕಕ್ಕೇ ಶಾಲೆ ಬಿಟ್ಟು ಹಾಸಿಗೆ ಕಾರ್ಖಾನೆಯಲ್ಲಿ ದುಡಿದವರು ಅವರು. 1970ರ ದಶಕದಲ್ಲಿ ಅವರು ರೂಪಿಸಿದ, ಉಜ್ಜಾಟ ಕಡಿಮೆಯಿರುವ ಕೋ-ಆಕ್ಸಿಯಲ್ ಎಸ್ಕೇಪ್‌ಮೆಂಟನ್ನು ಸ್ವಿಸ್ ಕಂಪನಿಗಳು ಬಹುಕಾಲ ಒಲ್ಲೆವೆಂದವು. ಒಮೆಗಾ ಅದನ್ನು ಮಾರುಕಟ್ಟೆಗೆ ತಂದದ್ದು 1999ರಲ್ಲಿ. ಡೇನಿಯಲ್ಸ್ 2011ರಲ್ಲಿ ತೀರಿಕೊಂಡರು.

ನಮ್ಮಲ್ಲಿ ಮೊದಲ ಪಾಠಕ್ಕೆ ದೂರ ಹೋಗಬೇಕಿಲ್ಲ. ಜಪಾನಿನ ಸಿಟಿಜನ್ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ಕಾರ್ಖಾನೆಯ ಗಡಿಯಾರಗಳು ಎಷ್ಟೋ ಮನೆಗಳ ಬೀರುವಿನಲ್ಲಿ ಕೆಟ್ಟು ಕುಳಿತಿವೆ. ಅಜ್ಜನ ಅನುಮತಿ ಪಡೆದು, ರಿಪೇರಿಯವರ ಪಕ್ಕದಲ್ಲಿ ಕುಳಿತು ಒಂದನ್ನು ಬಿಚ್ಚಿಸಿ, ಭೂತಗನ್ನಡಿಯಲ್ಲಿ ಹಲ್ಲುಗಳನ್ನು ಎಣಿಸಿ, ಮೇಲಿನ ಲೆಕ್ಕ ಹಾಕಿ ನೋಡಬಹುದು. ಒಂದು ಎಚ್ಚರಿಕೆ: ಚಕ್ರಗಳನ್ನು ತೆಗೆಯುವ ಮುನ್ನ ಸ್ಪ್ರಿಂಗಿನ ಬಿಗಿಯನ್ನು ನಿಧಾನವಾಗಿ ಇಳಿಸಿರಬೇಕು. ಇಲ್ಲದಿದ್ದರೆ ಅವು ಗಿರ್ರನೆ ತಿರುಗಿ ಎಣಿಸಬೇಕಾದ ಹಲ್ಲುಗಳೇ ಮುರಿದಾವು.